ಸೋಮವಾರ, ಗುರುವಾರ

ಬ್ಯಾಡಗಿ ಸುತ್ತಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ನಾನು ಗಣಿತದ ಮಾಸ್ತರನಾಗಿ ವರ್ಗವಾಗಿ ಬಂದ ವರ್ಷ. ಫೆಬ್ರುವರಿಯಲ್ಲಿ ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ತಿರುವುತ್ತಿದ್ದೆ. ಒಬ್ಬ ಹುಡುಗಿಯ ಹೆಸರಿನ ಸಾಲಿನಲ್ಲಿ ಗೈರಿನ ಗುರುತುಗಳು ನೇಯ್ದ ಪಟ್ಟಿಯ ಹಾಗೆ ಬಿದ್ದಿದ್ದವು. ಸೋಮವಾರ ಇಲ್ಲ, ಗುರುವಾರ ಇಲ್ಲ. ಮತ್ತೆ ಸೋಮವಾರ, ಮತ್ತೆ ಗುರುವಾರ.

ನನಗೆ ಆಗಲೇ ತಿಳಿಯಬೇಕಿತ್ತು. ಸೋಮವಾರ, ಗುರುವಾರ ಅಂದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಆ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನ ಮಗ ನಾನು. ಸಂಜೆ ಅಪ್ಪ ಮನೆಗೆ ಬಂದರೆ ಅಂಗಿ ಬಿಚ್ಚುವ ಮೊದಲೇ ನಾವೆಲ್ಲ ಕೆಮ್ಮುತ್ತಿದ್ದೆವು, ಅಷ್ಟು ಘಾಟು ಅದರಲ್ಲಿ ಕೂತಿರುತ್ತಿತ್ತು. ಹಾಗಿದ್ದೂ ನನಗೆ ಹೊಳೆಯಲಿಲ್ಲ. ಹುಡುಗಿಯನ್ನು ತರಗತಿಯಲ್ಲಿ ನಿಲ್ಲಿಸಿ, ನಾನು ಪ್ರತಿ ವರ್ಷ ಪ್ರಾರ್ಥನೆಯ ವೇಳೆ ಹೇಳುತ್ತಿದ್ದ ಕಥೆಯನ್ನೇ ಇನ್ನೊಮ್ಮೆ ಹೇಳಿದೆ. ಹಮಾಲನ ಮಗ, ಚಿಮಣಿ ಬೆಳಕಿನಲ್ಲಿ ಓದಿದೆ, ಮಾಸ್ತರನಾದೆ. ಮನಸ್ಸು ಮಾಡಿದರೆ ಯಾರಿಗಾದರೂ ಸಾಧ್ಯ, ನಿನಗೇಕೆ ಆಗದು?

ಅವಳು ತಲೆ ತಗ್ಗಿಸಿಯೇ ಹೇಳಿದಳು: ‘ನಮ್ಮವ್ವ ಪ್ಯಾಟಿಗೆ ಹೊಕ್ಕಾಳ್ರೀ ಸರ್. ತಮ್ಮ ಸಣ್ಣಾವ ಅದಾನ. ನೋಡ್ಕೊಳ್ಳಾಕ ನಾನ ಇರಬೇಕ್ರಿ.’

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಹುಡುಗಿಯ ಜಾಗದಲ್ಲಿ ನನಗೆ ನಾನು ಕಾಣಲಿಲ್ಲ, ನಮ್ಮಕ್ಕ ಕಂಡಳು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. 1987ರಲ್ಲಿ ಏಳನೇ ತರಗತಿ ಮುಗಿಸಿದಳು. ಊರಲ್ಲಿ ಶಾಲೆ ಇದ್ದದ್ದು ಅಲ್ಲಿಯವರೆಗೆ ಮಾತ್ರ. ಹೈಸ್ಕೂಲು ಆರು ಕಿಲೋಮೀಟರ್ ದೂರ. ಬಸ್ಸು ದಿನಕ್ಕೆರಡು, ಅವೂ ಶಾಲೆಯ ಹೊತ್ತಿಗಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಅಷ್ಟು ದೂರ ಒಬ್ಬಳನ್ನೇ ನಡೆಸಿ ಕಳಿಸುವುದು ಹೇಗೆ ಅಂತ ಅವ್ವ, ಅಪ್ಪ ಒಂದು ರಾತ್ರಿ ಮಾತಾಡಿಕೊಂಡರು. ಮರುದಿನದಿಂದ ಅಕ್ಕ ಅವ್ವನ ಜೊತೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗತೊಡಗಿದಳು. ಎಷ್ಟು ಕಿಲೋ ಬಿಡಿಸಿದರೋ ಅಷ್ಟಕ್ಕೆ ಕೂಲಿ. ಬೆರಳ ತುದಿ ಉರಿಯುತ್ತಿರುವಾಗ ಅನ್ನ ಕಲಸಲಾಗದೆ ಅವಳು ಚಮಚೆಯಲ್ಲಿ ಉಣ್ಣುತ್ತಿದ್ದುದು ನನಗೆ ನೆನಪಿದೆ. ನಾಲ್ಕು ವರ್ಷದ ಮೇಲೆ ಅದೇ ಆರು ಕಿಲೋಮೀಟರ್ ಹೈಸ್ಕೂಲಿಗೆ ನಾನು ಸೈಕಲ್ ಮೇಲೆ ಹೋದೆ. ಹಳೆಯ ಸೈಕಲ್. ಅದರ ದುಡ್ಡು ಅಕ್ಕನ ಕೂಲಿಯಿಂದ ಬಂದಿತ್ತು.

ಕುಟುಂಬದ ಹಿನ್ನೆಲೆ ಅಂದಾಗ ನಾವು ಮನೆಯನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ: ಬಡವರ ಮನೆ, ಉಳ್ಳವರ ಮನೆ. ಒಂದೇ ಸೂರಿನಡಿ ನನಗೊಂದು ಹಿನ್ನೆಲೆ ಇತ್ತು, ಅಕ್ಕನಿಗೆ ಬೇರೊಂದಿತ್ತು. ನನ್ನ ಹಿನ್ನೆಲೆಯಲ್ಲಿ ಅಕ್ಕ ಇದ್ದಳು. ಅವಳ ಹಿನ್ನೆಲೆಯಲ್ಲಿ ಯಾರೂ ಇರಲಿಲ್ಲ. ನನ್ನ ಕಥೆಯಲ್ಲಿ ಮಾತ್ರ ಅವಳ ಹೆಸರು ಅದುವರೆಗೆ ಬಂದಿರಲಿಲ್ಲ.

ಬಿಟ್ಟುಹೋಗಿದ್ದು ಅದೊಂದೇ ಅಲ್ಲ. ಪಿಯುಸಿಗೆ ನಾನು ಪಟ್ಟಣದಲ್ಲಿ ಉಳಿಯಲು ಸಾಧ್ಯವಾದದ್ದು ಹಿಂದುಳಿದ ವರ್ಗಗಳ ಹಾಸ್ಟೆಲ್ಲಿನಿಂದ. ಎರಡು ಹೊತ್ತು ಊಟ, ಒಂದು ಟ್ರಂಕು ಇಡಲು ಜಾಗ. ನಮ್ಮ ನೆರೆಯ ರಾಣೆಬೆನ್ನೂರಿನವರಾದ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತ್ತು. ಯಾವ ಸಮುದಾಯದಲ್ಲಿ ಸಾವಿರ ಜನಕ್ಕೆ ಎಷ್ಟು ಮಂದಿ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾರೆ ಎಂದು ಆ ಆಯೋಗ ಎಣಿಸಿತ್ತು. ಅದನ್ನು ನಾನು ಓದಿದ್ದು ಬಿ.ಇಡಿ. ಮಾಡುವಾಗ. ನಾನು ಹುಟ್ಟುವ ಮೊದಲೇ ಯಾರೋ ಕೂತು ನನ್ನಂಥವರ ಗೈರುಹಾಜರಿಯನ್ನು ಲೆಕ್ಕ ಹಾಕಿದ್ದರು. ನಾನು ಮಾತ್ರ ಇಪ್ಪತ್ತು ವರ್ಷ ಎಲ್ಲವನ್ನೂ ನನ್ನ ಚಿಮಣಿ ದೀಪದ ಖಾತೆಗೆ ಬರೆದುಕೊಂಡಿದ್ದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 1996ರಲ್ಲಿ ನಾನು ದ್ವಿತೀಯ ಪಿಯುಸಿ ಪಾಸಾದೆ. ಗಣಿತದಲ್ಲಿ ತರಗತಿಗೆ ಮೊದಲಿಗ. ಆಗ ಎಂಜಿನಿಯರಿಂಗ್ ಸೀಟಿನ ಸಿಇಟಿ ಪರೀಕ್ಷೆ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ತಂದೆ ಓದಿದವರು, ಎಂಜಿನಿಯರು. ಒಂದು ದಿನ ಗೆಳೆಯ ‘ಸಿಇಟಿ ಅರ್ಜಿ ಹಾಕಿದಿ ಹೌದಿಲ್ಲೋ?’ ಅಂದ. ಹಾಗೆಂದರೇನು ಅಂತ ನಾನು ಕೇಳುವ ಹೊತ್ತಿಗೆ ಕಡೆಯ ದಿನ ಮುಗಿದು ವಾರವಾಗಿತ್ತು. ಅವನು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ, ನನಗೂ ಗೊತ್ತಿದೆ ಅಂದುಕೊಂಡಿದ್ದ. ಅವರ ಮನೆಯಲ್ಲಿ ಅದು ಮಳೆಗಾಲ ಬರುವಷ್ಟೇ ಸಹಜವಾದ ಸುದ್ದಿ. ನಮ್ಮಪ್ಪನಿಗೆ ಯಾವ ಅಡತಿಯಲ್ಲಿ ಎಷ್ಟು ಚೀಲ ಇಳಿಯುತ್ತದೆ ಅಂತ ಮುಂಚೆಯೇ ಗೊತ್ತಿರುತ್ತಿತ್ತು. ಸಿಇಟಿ ಅನ್ನುವುದೊಂದಿದೆ ಅಂತ ಅವರಿಗೆ ಯಾರು ಹೇಳಬೇಕಿತ್ತು?

ಮಾಸ್ತರಿಕೆಯ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಆದರೆ ಅದನ್ನು ನಾನು ಆರಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನೆದುರು ಇದ್ದದ್ದು ಅದೊಂದೇ ಬಾಗಿಲು. ಈಗ ನನ್ನ ಮಗಳಿಗೆ ಯಾವ ಪರೀಕ್ಷೆ ಯಾವಾಗ, ಯಾವ ಕೋರ್ಸಿಗೆ ಯಾವ ವಿಷಯ ಬೇಕು ಎಂಬುದೆಲ್ಲ ರಾತ್ರಿ ಊಟದ ಮಾತಿನಲ್ಲೇ ಕಿವಿಗೆ ಬಿದ್ದಿದೆ. ಅವಳು ಅದನ್ನು ಕಲಿಯಲೇ ಇಲ್ಲ, ಮನೆಯ ಗಾಳಿಯಲ್ಲಿತ್ತು. ನಮ್ಮಪ್ಪ ನನಗೆ ಕೊಡಲಾಗದ್ದನ್ನು ನಾನು ಅವಳಿಗೆ ಕೊಟ್ಟೆ ಎಂಬ ಸಮಾಧಾನ ನನಗಿದೆ. ಆ ಸಮಾಧಾನದ ಹಿಂದೆಯೇ ನನ್ನ ತರಗತಿಯ ನಲವತ್ತು ಮಕ್ಕಳ ಮುಖಗಳೂ ಬಂದು ನಿಲ್ಲುತ್ತವೆ.

ಒಬ್ಬ ಹುಡುಗನ ವಿಷಯದಲ್ಲಿ ನಾನೇ ತಪ್ಪಿದೆ. ಒಂದರಿಂದ ಹತ್ತನೆಯವರೆಗೆ ಹಳ್ಳಿಯಲ್ಲೇ, ಕನ್ನಡದಲ್ಲೇ ಓದಿದವನು. ಎಂಜಿನಿಯರಿಂಗ್ ಸೀಟುಗಳಲ್ಲಿ ಅಂಥ ಮಕ್ಕಳಿಗಾಗಿ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದ ಮೀಸಲಾತಿ 5% ಇದೆ. ಎರಡಕ್ಕೂ ಬೇಕಾದ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುರುಜು ಆಗಿರಬೇಕು. ಅವನು ಪಟ್ಟಣದ ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ. ಅಂಗಡಿಯವರು ಆ ಎರಡೂ ಮೀಸಲಾತಿಯ ಮುಂದೆ ‘ಇಲ್ಲ’ ಅಂತ ಒತ್ತಿದ್ದರು. ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಹೈಸ್ಕೂಲು ಬಿಟ್ಟ ಮೇಲೆ ಅದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ. ಸೀಟು ಸಿಗಲಿಲ್ಲ ಎಂದು ಹೇಳಲು ಅವನು ಶಾಲೆಗೆ ಬಂದಾಗ ನಾನು 1996ರ ನನ್ನನ್ನೇ ನೋಡುತ್ತಿದ್ದೆ.

ಅಂದಿನಿಂದ ಹತ್ತನೆಯವರ ಟಿ.ಸಿ. ಜೊತೆ ಆ ಎರಡು ಪ್ರಮಾಣಪತ್ರಗಳ ನಮೂನೆಯನ್ನೂ ಭರ್ತಿ ಮಾಡಿ ಕೊಡುತ್ತೇನೆ. ಎಂಟನೆಯವರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಕಟ್ಟಿಸುತ್ತೇನೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಗೆ ಒಮ್ಮೆ ಹೋಗಿಬಂದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ, ಮೂರು ಸಲ ಓಡಾಡಿದರೆ ಮೂರು ದಿನದ್ದು. ಹಾಗಾಗಿ ಕಾಗದಗಳನ್ನೆಲ್ಲ ಶಾಲೆಯಲ್ಲೇ ನೋಡಿ, ಸರಿಮಾಡಿ, ಒಂದೇ ಸಲಕ್ಕೆ ಮುಗಿಯುವ ಹಾಗೆ ಕಳಿಸುತ್ತೇನೆ. ಇದು ಪಾಠವಲ್ಲ, ಗುಮಾಸ್ತಿಕೆ ಎಂದು ಸಹೋದ್ಯೋಗಿಯೊಬ್ಬರು ಅಂದರು. ಬಡವರ ಮಕ್ಕಳಿಗೆ ಈ ಗುಮಾಸ್ತಿಕೆ ಮಾಡುವವರು ಮನೆಯಲ್ಲಿಲ್ಲ. ಶಾಲೆಯಲ್ಲೂ ಇಲ್ಲದಿದ್ದರೆ ನಾನು ಕಲಿಸುವ ಬೀಜಗಣಿತ ಎಷ್ಟು ದೂರ ಹೋದೀತು?

ಆ ಸೋಮವಾರ–ಗುರುವಾರದ ಹುಡುಗಿಯ ತಾಯಿಯನ್ನು ಮನೆಗೇ ಹೋಗಿ ಕಂಡೆ. ಸಣ್ಣವನನ್ನು ಅಂಗನವಾಡಿಗೆ ಬಿಡಬಹುದಿತ್ತು, ಆದರೆ ಪೇಟೆಯ ಕೆಲಸ ಮುಗಿಯುವ ಮುಂಚೆಯೇ ಅದು ಮುಚ್ಚುತ್ತಿತ್ತು. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನದ ಮೇಲೆ ಅವನನ್ನು ಕೂಡಿಸಿಕೊಳ್ಳಲು ಒಪ್ಪಿದರು. ಎಲ್ಲ ವಾರವೂ ಅದು ಸಾಗಲಿಲ್ಲ. ಹುಡುಗಿ ಹತ್ತನೆಯದನ್ನು ಎರಡನೇ ದರ್ಜೆಯಲ್ಲಿ ಪಾಸಾದಳು. ಇನ್ನೂ ಚೆನ್ನಾಗಿ ಮಾಡಬಲ್ಲವಳಾಗಿದ್ದಳು.

ಅಕ್ಕನ ಮಗಳ ಪಾಲಿಗೆ ಮಾತ್ರ ಆ ಆರು ಕಿಲೋಮೀಟರ್ ಬೇರೆಯಾಗಿತ್ತು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದಾಗ ಅವಳು ಸರಿಯಾಗಿ ಎಂಟನೆಯಲ್ಲಿದ್ದಳು. ಈಗ ನರ್ಸ್ ಆಗಿದ್ದಾಳೆ. ಸೈಕಲ್ ಮನೆಗೆ ಬಂದ ದಿನ ಅಕ್ಕ ಅದಕ್ಕೆ ಕುಂಕುಮ ಹಚ್ಚಿ, ಬೆಲ್ ಬಾರಿಸಿ ನೋಡಿದಳಂತೆ.

ಈಗ ಪ್ರಾರ್ಥನೆಯ ವೇಳೆ ನನ್ನ ಕಥೆಯನ್ನು ಅಕ್ಕನಿಂದಲೇ ಶುರುಮಾಡುತ್ತೇನೆ. ಕಳೆದ ಪಂಚಮಿಗೆ ಅವಳು ತವರಿಗೆ ಬಂದಾಗ, ಉಂಡಿ ಕಟ್ಟುತ್ತ ಕೂತವಳಿಗೆ ಇದನ್ನು ಹೇಳಿದೆ. ಹೈಸ್ಕೂಲು ದೂರ ಆದದ್ದು, ತುಂಬು ಬಿಡಿಸಿದ್ದು, ಸೈಕಲ್ ಕೊಡಿಸಿದ್ದು, ಎಲ್ಲ ಹೇಳುತ್ತೇನೆ ಅಂದೆ. ಅಕ್ಕ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗಿಟ್ಟು ನನ್ನನ್ನೇ ನೋಡಿದಳು.

‘ನಂಗೂ ಲೆಕ್ಕ ಛಲೋ ಬರ್ತಿತ್ತೋ ತಮ್ಮಾ. ಅದನ್ನೂ ಹೇಳ್ತಿ ಹೌದಿಲ್ಲೋ?’