ದೋಣಿಯ ಮೋಟಾರಿನ ಗೇರು ಏಕೆ ಕೈಕೊಡುತ್ತದೆ?

ಆಲಮಟ್ಟಿಯ ಬಳಿ ಕೃಷ್ಣಾ ನದಿಗೆ ಕಟ್ಟಿರುವ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅದರ ಹಿನ್ನೀರು ಇಂದು ಬಾಗಲಕೋಟೆಯವರೆಗೂ ಹಬ್ಬಿದೆ. ಇಂತಹ ವಿಶಾಲ ಜಲರಾಶಿಯಲ್ಲಿ ಹರಿಗೋಲಿನ ಜೊತೆಗೆ ಮೋಟಾರು ದೋಣಿಯೂ ಬೇಕಾಗುವುದು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ, ನೀರು ಸುತ್ತುವರಿದ ಊರುಗಳ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಮುಳುಗಿದ ಮರಗಳ, ಕಂಬಗಳ ನಡುವೆ ಸಾಗುವಾಗ ಹಿಂಚಲನೆಯ ಗೇರು ಬೀಳದಿದ್ದರೆ ಅದು ಬರಿಯ ಯಂತ್ರದೋಷವಲ್ಲ, ಪ್ರಾಣಾಪಾಯ.

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರಿನ ರಚನೆಯನ್ನು ಮೊದಲು ತಿಳಿಯೋಣ. ಎಂಜಿನ್ನಿನಿಂದ ಕೆಳಗಿಳಿಯುವ ದಂಡದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಗಾಲಿಯಿದೆ. ಅಡ್ಡಲಾಗಿರುವ ಪ್ರೊಪೆಲರ್ ದಂಡದ ಮೇಲೆ, ಅದರ ಮುಂದೊಂದು, ಹಿಂದೊಂದು, ಹೀಗೆ ಎರಡು ದೊಡ್ಡ ಹಲ್ಲುಗಾಲಿಗಳಿವೆ. ಚಿಕ್ಕ ಗಾಲಿಯು ಇವೆರಡನ್ನೂ ಸದಾ ಕಚ್ಚಿಕೊಂಡಿರುವುದರಿಂದ ಅವು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಲೇ ಇರುತ್ತವೆ. ಆದರೆ ತಾವಾಗಿ ದಂಡವನ್ನು ತಿರುಗಿಸಲಾರವು. ಇವುಗಳ ನಡುವೆ, ದಂಡದ ಮೇಲೆ ಹಿಂದೆ ಮುಂದೆ ಜಾರುವ, ಆದರೆ ದಂಡದೊಡನೆಯೇ ತಿರುಗುವ ಭಾಗವೊಂದುಂಟು. ಇದೇ ಡಾಗ್ ಕ್ಲಚ್ಚು. ಇದರ ಉಬ್ಬುಗಳು ಯಾವ ಗಾಲಿಯ ಉಬ್ಬುಗಳ ಸಂದಿನಲ್ಲಿ ಕೂರುವುವೋ ಪ್ರೊಪೆಲರು ಆ ಗಾಲಿಯ ದಿಕ್ಕಿಗೆ ತಿರುಗುವುದು. ಎರಡನ್ನೂ ಮುಟ್ಟದೆ ನಿಂತರೆ ಅದು ನ್ಯೂಟ್ರಲ್.

ಗೇರನ್ನು ಮೆಲ್ಲಗೆ ಹಾಕಿದರೆ ಯಂತ್ರಕ್ಕೆ ಕ್ಷೇಮವೆಂದು ತೋರಬಹುದು. ಲೆಕ್ಕ ಮಾಡಿ ನೋಡೋಣ. ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿರಲಿ; ಚಿಕ್ಕ ಗಾಲಿಗೆ 13, ದೊಡ್ಡದಕ್ಕೆ 27 ಹಲ್ಲುಗಳಿರಲಿ. ಆಗ ದೊಡ್ಡ ಗಾಲಿಯ ವೇಗ ನಿಮಿಷಕ್ಕೆ ಸುಮಾರು 385 ಸುತ್ತು. ಅದಕ್ಕೂ ಕ್ಲಚ್ಚಿಗೂ ಮೂರು ಮೂರು ಉಬ್ಬುಗಳಿದ್ದರೆ, ನಿಂತಿರುವ ಕ್ಲಚ್ಚಿನ ಪ್ರತಿಯೊಂದು ಉಬ್ಬನ್ನೂ ಗಾಲಿಯ ಉಬ್ಬುಗಳು ಸೆಕೆಂಡಿಗೆ ಸುಮಾರು 19 ಬಾರಿ ಹಾದುಹೋಗುವುವು. ಅಂಚಿಗೆ ಅಂಚು ತಾಗುತ್ತ ಅರ್ಧ ಸೆಕೆಂಡು ಕಳೆದರೆ ಒಂಬತ್ತು ಹತ್ತು ಪೆಟ್ಟು. ಹತ್ತನೆಯ ಒಂದು ಸೆಕೆಂಡಿನಲ್ಲಿ ಮುಗಿಸಿದರೆ ಎರಡೇ ಪೆಟ್ಟು! ಎಂಜಿನ್ನಿನ ವೇಗ 2000 ಸುತ್ತಿಗೇರಿದರೆ, ಚಲನಶಕ್ತಿಯು ವೇಗದ ವರ್ಗಕ್ಕನುಗುಣವಾದುದರಿಂದ, ಪೆಟ್ಟಿನ ಶಕ್ತಿ ಆರು ಪಟ್ಟಿಗೂ ಹೆಚ್ಚು. ಆದುದರಿಂದ ಎಂಜಿನ್ನಿನ ವೇಗವನ್ನು ತಗ್ಗಿಸಿ, ಹಿಡಿಯನ್ನು ತಡೆಯದೆ ಒಮ್ಮೆಗೇ ತಳ್ಳಬೇಕು.

ಪೆಟ್ಟು ತಿಂದು ದುಂಡಾದ ಅಂಚು ಇಳಿಜಾರಿನಂತೆ ವರ್ತಿಸುವುದು. ಹೊರೆ ಬಿದ್ದೊಡನೆ ಅದು ಕ್ಲಚ್ಚನ್ನು ಹೊರಕ್ಕೆ ನೂಕುವುದು. ಗೇರು ತಾನಾಗಿ ಕಳಚುವುದು. ಆದರೆ ಹಾಗಾದೊಡನೆ ಮೋಟಾರನ್ನು ಬಿಚ್ಚಲು ಹೊರಡಬಾರದು. ಕೇಬಲ್ಲಿನ ಉದ್ದ ಸರಿಹೊಂದದೆ ಕ್ಲಚ್ಚು ಅರ್ಧವೇ ಕೂತಿದ್ದರೂ ಹೀಗೆಯೇ ಆಗುವುದು.

ಪರೀಕ್ಷೆಯು ಹೊರಗಿನಿಂದ ಒಳಕ್ಕೆ ಸಾಗಬೇಕು. ಮೊದಲು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಕಳಚಬೇಕು. ಪ್ರೊಪೆಲರನ್ನು ಮುಟ್ಟುವ ಮುನ್ನ ಇದನ್ನು ಮರೆಯಲಾಗದು. ಬಳಿಕ ಕೇಬಲ್ಲನ್ನು ಮೋಟಾರಿನ ಬದಿಯಲ್ಲಿ ಬಿಚ್ಚಿ ಹಿಡಿಯನ್ನು ಆಡಿಸಬೇಕು. ಆಗಲೂ ಬಿಗಿಯಿದ್ದರೆ ದೋಷವು ಕೇಬಲ್ಲಿನಲ್ಲಿ ಅಥವಾ ಹಿಡಿಯಲ್ಲಿದೆ. ತುಕ್ಕು, ಮಡಿಕೆಗಳನ್ನು ಹುಡುಕಬೇಕು. ಹಿಡಿ ಸಡಿಲವಾಗಿದ್ದರೆ ಮೋಟಾರಿನ ಸನ್ನೆಯನ್ನು ಕೈಯಿಂದ ಆಡಿಸಬೇಕು. ಆಗ ಇನ್ನೊಬ್ಬರು ಪ್ರೊಪೆಲರನ್ನು ಮೆಲ್ಲಗೆ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಉಬ್ಬಿಗೆ ಉಬ್ಬು ಎದುರಾಗಿ ನಿಂತು, ಸರಿಯಿರುವ ಗೇರೂ ಬೀಳದು. ತಿರುಗಿಸಿದರೂ ಬಿಗಿಯಿದ್ದರೆ ದೋಷವು ಕೆಳಗಿನ ಭಾಗದಲ್ಲಿದೆ. ಎರಡೂ ಸಲೀಸಾಗಿದ್ದರೆ ಕೇಬಲ್ಲಿನ ಉದ್ದವನ್ನು ಹೊಂದಿಸಿ ನೋಡಬೇಕು.

ಇನ್ನು ಗೇರಿನ ಎಣ್ಣೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದರ್ಥ. ಪ್ರೊಪೆಲರಿನ ಹಿಂದೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು ಕೊಯ್ದಿರಬಹುದು. ಲೋಹದ ಚೂರುಗಳಿದ್ದರೆ ಹಲ್ಲೋ ಉಬ್ಬೋ ಮುರಿದಿದೆ.

ಗೇರು ಬಿದ್ದು, ಎಂಜಿನ್ನು ಭೋರ್ಗರೆದರೂ ದೋಣಿ ಸಾಗದಿದ್ದರೆ? ಹಲವು ಪ್ರೊಪೆಲರುಗಳ ಗುಂಬದಲ್ಲಿ ರಬ್ಬರಿನ ಪದರವಿರುವುದು; ಅದು ಜಾರಿರಬಹುದು. ಗುಂಬದ ಒಳಭಾಗದಿಂದ ಹೊರಭಾಗಕ್ಕೆ ಬಣ್ಣದ ಒಂದು ಗೆರೆ ಎಳೆದು, ಸ್ವಲ್ಪ ದೂರ ಓಡಿಸಿ, ಎಂಜಿನ್ ನಿಲ್ಲಿಸಿ ನೋಡಬೇಕು. ಗೆರೆ ತುಂಡಾಗಿದ್ದರೆ ತಪ್ಪು ಗೇರಿನದಲ್ಲ.

ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲದ ದೋಷವನ್ನು ನಾವು ಹುಡುಕುವುದೂ ಹೀಗೆಯೇ: ಸರಪಳಿಯನ್ನು ಒಂದೆಡೆ ಬಿಡಿಸಿ, ಎರಡು ಭಾಗಗಳನ್ನೂ ಬೇರೆ ಬೇರೆ ಪರೀಕ್ಷಿಸುವುದು. ಈ ಪರೀಕ್ಷೆ ದೋಣಿಯು ದಡದಲ್ಲಿರುವಾಗಲೇ ಮುಗಿದಿರಬೇಕು. ನಡುನೀರಿನಲ್ಲಿ ಅದಕ್ಕೆ ಸಮಯ ದೊರೆಯದು.