ಸಾರಿಗೆ ಯೋಜನೆ: ಪರೀಕ್ಷೆಗೆ ಬೇಕಾದ ಪದಗಳು

1. ನಾಲ್ಕು ಹಂತದ ಮಾದರಿ (ಕ್ರಮವನ್ನೇ ಕೇಳುತ್ತಾರೆ): ಪ್ರಯಾಣ ಉತ್ಪತ್ತಿ → ಪ್ರಯಾಣ ಹಂಚಿಕೆ → ಸಾರಿಗೆ ವಿಧದ ಆಯ್ಕೆ → ಮಾರ್ಗ ನಿಯೋಜನೆ.

ಗೊಂದಲ ಬೇಡ: ಹಂಚಿಕೆ ಎಂದರೆ ಎಲ್ಲಿಂದ ಎಲ್ಲಿಗೆ, ನಿಯೋಜನೆ ಎಂದರೆ ಯಾವ ರಸ್ತೆಯಲ್ಲಿ. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ.

2. ಮೋಡಲ್ ಸ್ಪ್ಲಿಟ್: ಒಟ್ಟು ಪ್ರಯಾಣಗಳಲ್ಲಿ ಬಸ್, ರೈಲು, ಕಾರು, ನಡಿಗೆಯ ಶೇಕಡಾ ಪಾಲು. ಇದು ವಾಹನಗಳ ಎಣಿಕೆಯಲ್ಲ.

3. ಫೀಡರ್ ಬಸ್: ಬಡಾವಣೆಯಿಂದ ನಿಲ್ದಾಣಕ್ಕೆ ಜನರನ್ನು ತಲುಪಿಸುವ ಸೇವೆ.

4. ಟಿಒಡಿ (ಟ್ರಾನ್ಸಿಟ್ ಓರಿಯೆಂಟೆಡ್ ಡೆವಲಪ್‌ಮೆಂಟ್): ನಿಲ್ದಾಣದ ಸುತ್ತ ನಡೆದು ಹೋಗುವಷ್ಟು ದೂರದಲ್ಲಿ ಮನೆ, ಕಚೇರಿ, ಅಂಗಡಿಗಳ ದಟ್ಟ ಬೆಳವಣಿಗೆ.

5. ರಾಷ್ಟ್ರೀಯ ನಗರ ಸಾರಿಗೆ ನೀತಿ: 2006. ಮೆಟ್ರೋ ರೈಲು ನೀತಿ: 2017.

6. ನಮ್ಮ ಮೆಟ್ರೋ: ಆರಂಭ 20 ಅಕ್ಟೋಬರ್ 2011, ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ, ಹಳಿ ಅಗಲ 1435 ಮಿ.ಮೀ. ಬೆಂಗಳೂರು ಉಪನಗರ ರೈಲು ಬೇರೆ: ಹೊಣೆ ಕೆ-ರೈಡ್ ಸಂಸ್ಥೆಯದು, ಹಳಿ ಅಗಲ 1676 ಮಿ.ಮೀ.