ದಿಂಬಂ ಘಾಟಿ ಹತ್ತುವ ಮುನ್ನ ಎಡಗಾಲಿಗೊಂದು ಕಿವಿಮಾತು

ಮಗಾ, ಮನೆಗೆ ಕಾರು ಬಂತು, ಸಂತೋಷ. ಇನ್ನು ಮದುಕ್ಕರೈನಿಂದ ಚಾಮರಾಜನಗರದ ನೆಂಟರ ಮನೆಗೆ ಹೋಗಲು ಬಸ್ಸು ಕಾಯಬೇಕಿಲ್ಲ. ಆದರೆ ನಡುವೆ ದಿಂಬಂ ಇದೆ, 27 ಹೇರ್‌ಪಿನ್ ತಿರುವು. ಕ್ಲಚ್ ಸುಟ್ಟ ವಾಸನೆ ಆ ದಾರಿಗೆ ಹೊಸದಲ್ಲ.

ಒಂದು ವಿಷಯ ಮೊದಲು ತಿಳಿದುಕೋ. ಪೆಡಲ್ ಪೂರ್ತಿ ಒತ್ತಿದರೆ ಕ್ಲಚ್ ಪ್ಲೇಟು ಬಿಡಿಯಾಗಿರುತ್ತದೆ. ಪೂರ್ತಿ ಬಿಟ್ಟರೆ ಫ್ಲೈವೀಲಿಗೆ ಕಚ್ಚಿಕೊಂಡು ಅದರ ಜೊತೆಗೇ ಸುತ್ತುತ್ತದೆ. ಎರಡರಲ್ಲೂ ಸವೆತವಿಲ್ಲ. ನಡುವಿನ ಹಾಫ್ ಕ್ಲಚ್ಚಿನಲ್ಲಿ ಮಾತ್ರ ಅದು ಉಜ್ಜುತ್ತದೆ, ಕಾಯುತ್ತದೆ, ಸವೆಯುತ್ತದೆ. ಆ ಹೊತ್ತನ್ನು ಚಿಕ್ಕದು ಮಾಡಬೇಕು, ಅಷ್ಟೆ.

• ಏರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಹ್ಯಾಂಡ್‌ಬ್ರೇಕಿನ ಕೆಲಸ, ಕ್ಲಚ್ಚಿನದಲ್ಲ. ಘಾಟಿಯ ಬುಡದ ಗುಡಿಯಲ್ಲಿ ಬಣ್ಣಾರಿ ಅಮ್ಮನಿಗೆ ಕೈಮುಗಿದು ಘಾಟಿ ಹತ್ತಿದ ಮೇಲೆ ನೋಡು, ಉದ್ದದ ಲಾರಿ ತಿರುವು ಹಾಕುವಾಗ ರಸ್ತೆಯೆಲ್ಲ ಅದಕ್ಕೇ ಬೇಕು. ಹತ್ತುವವರಿಗೆ ಮೊದಲು ದಾರಿ ಬಿಡಬೇಕೆಂಬುದು ನಿಯಮವೇ, ಆದರೂ ಅಲ್ಲಿ ನೀನು ಕಾಯಲೇಬೇಕು. ಆಗ ಅನೇಕರು ಆಕ್ಸಿಲರೇಟರ್ ಸ್ವಲ್ಪ, ಕ್ಲಚ್ ಸ್ವಲ್ಪ ಅಂತ ಕಾರನ್ನು ತೂಗಾಡಿಸುತ್ತ ನಿಲ್ಲುತ್ತಾರೆ. ಪ್ಲೇಟಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ತಿರುವಿಗೆ ಮೊದಲೇ, ಏರು ಕಡಿಮೆ ಇರುವಲ್ಲಿ ನಿಲ್ಲು. ಹ್ಯಾಂಡ್‌ಬ್ರೇಕ್ ಎಳೆ, ನ್ಯೂಟ್ರಲ್ ಮಾಡು, ಕಾಲಿಗೆ ವಿಶ್ರಾಂತಿ ಕೊಡು.

• ಹೊರಡುವಾಗ ಒಂದನೇ ಗೇರು. ಎಂಜಿನ್ನಿನ ಸದ್ದು ತಗ್ಗಿ ಬಾನೆಟ್ಟು ಕೊಂಚ ಎದ್ದಂತೆ ಕಾಣುವವರೆಗೆ ಪೆಡಲ್ ಬಿಡು, ಆಕ್ಸಿಲರೇಟರ್ ಕೊಡು, ಹ್ಯಾಂಡ್‌ಬ್ರೇಕ್ ಇಳಿಸು. ಕಾರು ಉರುಳಿತೋ, ಪೆಡಲ್ ಮೇಲಿನ ಕಾಲನ್ನು ಪೂರ್ತಿ ತೆಗೆ. ಖಾಲಿ ಮೈದಾನದಲ್ಲಿ ಹೋಗಿ ಇದನ್ನೇ ಅಭ್ಯಾಸ ಮಾಡು.

• ನಿಂತ ಕಾರನ್ನು ಎರಡನೇ ಗೇರಿನಲ್ಲಿ ಎಬ್ಬಿಸಬೇಡ. ಪ್ಲೇಟಿನ ಮೇಲೆ ಬೀಳುವ ಕಾವು ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಎಂಜಿನ್ ಗರ್ಜಿಸುವಂತೆ ಮಾಡಿ ಹೊರಡುವುದೂ ಹಾಗೇ. ಎಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿರುವಾಗ ಹೊರಡುವ ಕಾರನ್ನು 3,000ದಲ್ಲಿ ಹೊರಡಿಸಿದರೆ ಕಾವು ಸುಮಾರು ನಾಲ್ಕು ಪಟ್ಟು.

• ಕೊಯಮತ್ತೂರಿನ ಉಕ್ಕಡಂ ಕಡೆ ಗಾಡಿಗಳು ಸಾಲುಗಟ್ಟಿದಾಗ ಮುಂದಿನ ಬಂಪರಿಗೆ ಅಂಟಿಕೊಂಡು ಇಂಚಿಂಚು ಸರಿಯಬೇಡ. ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದನೇ ಗೇರಿನಲ್ಲಿ ಪೆಡಲ್ ಪೂರ್ತಿ ಬಿಟ್ಟು ಹೋಗು. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ನಡಿಗೆಯ ವೇಗದಲ್ಲಿ ಸಾಗುತ್ತದೆ. ಹಿಂದಿನವನು ಹಾರನ್ ಹೊಡೆದರೆ ಹೊಡೆಯಲಿ.

• ಸಿಗ್ನಲ್ಲಿನಲ್ಲಿ ಗೇರು ಹಾಕಿ ಪೆಡಲ್ ತುಳಿದುಕೊಂಡು ಕೂರಬೇಡ. ಆಗ ಸವೆಯುವುದು ಪ್ಲೇಟಲ್ಲ, ಪೆಡಲ್ ತುಳಿದಾಗ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗು. ಆದರೆ ಯಾವುದು ಹೋದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಕೂಲಿ ಒಂದೇ. ಅದಕ್ಕೇ ಮೆಕ್ಯಾನಿಕ್ಕುಗಳು ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಸೆಟ್ಟಾಗಿಯೇ ಬದಲಾಯಿಸಲು ಹೇಳುತ್ತಾರೆ. ಅದರಲ್ಲಿ ಮೋಸವಿಲ್ಲ.

• ಓಡಿಸುವಾಗ ಎಡಗಾಲು ಪೆಡಲ್ ಪಕ್ಕದ ನೆಲದ ಮೇಲಿರಲಿ. ಪೆಡಲ್ ಮೇಲೆ ಹಗುರವಾಗಿ ಇಟ್ಟರೂ ಪ್ಲೇಟಿನ ಹಿಡಿತ ಸಡಿಲವಾಗಬಹುದು, ನಿನಗೆ ಗೊತ್ತಾಗುವುದಿಲ್ಲ.

• ಘಾಟಿ ಇಳಿಯುವಾಗ ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್‌ನಲ್ಲಿ ಜಾರಿಬಿಟ್ಟರೆ ಡೀಸೆಲ್ ಉಳಿಯುತ್ತದೆ ಎನ್ನುವವರ ಮಾತು ಕೇಳಬೇಡ. ಹತ್ತಿದ ಗೇರಿನಲ್ಲೇ ಇಳಿ, ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ಇಲ್ಲಿ ಕ್ಲಚ್ಚಿಗಿಂತ ಜೀವದ ಮಾತು ಮಗಾ, ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ.

• ನಿನ್ನ ಅತ್ತೆಯ ಎಎಂಟಿ ಕಾರಿನಲ್ಲಿ ಪೆಡಲ್ ಇಲ್ಲ, ಕ್ಲಚ್ ಮಾತ್ರ ಇದ್ದೇ ಇದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿದರೆ ಅದೂ ಸುಡುತ್ತದೆ. ಅವಳಿಗೂ ಹೇಳು.

• ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡು. ಊರಿಂದ ಹೊರಡುವ ಮೊದಲೇ ಒಂದು ಪರೀಕ್ಷೆಯನ್ನೂ ಮಾಡು: ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಜೋರಾಗಿ ಒತ್ತು. ಎಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಹಾಗಿದ್ದರೆ ಮಕ್ಕಳನ್ನು ಕೂರಿಸಿಕೊಂಡು ದಿಂಬಂ ಹತ್ತಬೇಡ. ಅದು ಆನೆ ಓಡಾಡುವ ಕಾಡು, 2022ರಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧವಿದೆ. ಮೊದಲು ಸೆಟ್ ಹಾಕಿಸು, ನೆಂಟರ ಮನೆಗೆ ಮುಂದಿನ ವಾರ ಹೋದರಾಯಿತು.